ವೀರೇಶಣ್ಣನ ಕಿಡ್ನಿ

ಜನವರಿ 8
ಹಳಿಯಾಳದಿಂದ ಬೆಳಗಿನ ಬಸ್. ಧಾರವಾಡದ ಲ್ಯಾಬ್‌ಗೆ ಹೋದವಳೇ ಬಾಟಲಿಯಲ್ಲಿಟ್ಟ ಕಿಡ್ನಿ ತುಣುಕು ನೋಡಿದೆ. ಬಣ್ಣ ಇನ್ನೂ ಒಳಕ್ಕೆ ಇಳಿದಿಲ್ಲ. ಮೆತ್ತನೆಯ ಮಾಂಸ ಎಕ್ಸ್‌ರೇಗೆ ಸರಿಯಾಗಿ ಕಾಣುವುದಿಲ್ಲ. ಸೀಸ ಬೆರೆಸಿದ ಈ ಬಣ್ಣ ಒಂದೊಂದು ಜೀವಕೋಶದ ಕೇಂದ್ರಕಕ್ಕೂ ಹತ್ತಿದರೆ, ಕತ್ತರಿಸದೆಯೇ ಸುತ್ತಲಿಂದಲೂ ನೋಡಬಹುದು.

ತುಣುಕು ನನ್ನ ಮನೆ ಮಾಲೀಕರದು. ಐದು ವರ್ಷದ ಹಿಂದೆ ವೀರೇಶಣ್ಣ ಹೆಂಡತಿ ದ್ರಾಕ್ಷಾಯಣಕ್ಕನಿಗೆ ಕೊಟ್ಟ ಕಿಡ್ನಿ. ಕೆಟ್ಟಿತು. ದೀಪಾವಳಿ ಆದಮೇಲೆ ತೆಗೆದರು. ಸಂಶೋಧನೆಗೆ ಕೊಡುತ್ತೀರಾ ಅಂತ ನಾನೇ ಕೇಳಿದ್ದೆ. ಇಬ್ಬರೂ ಒಪ್ಪಿದರು. ಅಕ್ಕ ಈಗ ಮತ್ತೆ ಡಯಾಲಿಸಿಸ್‌ನಲ್ಲಿ.

ಜನವರಿ 10
ಮೆಟ್ಟಿಲ ಹತ್ತಿರ ವೀರೇಶಣ್ಣ ತಡೆದರು.
“ನನ್ನ ಕಿಡ್ನಿನ ಮೊದಲಿಂದ ಸುಮಾರ ಇತ್ತೇನು ತುಳಜಾ? ನೋಡಿ ಹೇಳು.”
ನೋಡುತ್ತೇನೆ ಅಂದೆ. ಹೇಳುತ್ತೇನೆ ಅನ್ನಲಿಲ್ಲ.

ಜನವರಿ 21
ಸ್ಕ್ಯಾನ್ ಆಯಿತು. ಬಣ್ಣ ನಡುವಿನವರೆಗೂ ಹತ್ತಿದೆ. ಒಳ್ಳೆ ಸ್ಯಾಂಪಲ್. ರಕ್ತ ಸೋಸುವ ಉಂಡೆಗಳು, ಬಳುಕುವ ನಾಳಗಳು... ಅವುಗಳ ನಡುವೆ ಕಿಕ್ಕಿರಿದ ಸಣ್ಣ ಬಿಳಿ ಚುಕ್ಕೆಗಳು. ಹೊರಗಿನದೆಂದು ಕಿಡ್ನಿಯ ಮೇಲೆ ದಾಳಿ ಮಾಡಲು ರಕ್ತದಿಂದ ನುಗ್ಗಿದ ಬಿಳಿ ರಕ್ತಕಣಗಳು. ಕಿಡ್ನಿ ಅಣ್ಣನದು. ನುಗ್ಗಿದವು ಅಕ್ಕನವು.

ಜನವರಿ 22
ಅಣ್ಣನಿಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ನಿಮ್ಮದು ಚೆನ್ನಾಗಿಯೇ ಇತ್ತು ಅಂದೆ. ಮುಖ ಸಡಿಲವಾಯಿತು. ಹಾಗಾದರೆ ಈ ಚುಕ್ಕೆಗಳೇನು ಅಂತ ಕೇಳಿದರು. ಹೇಳಿದೆ. ಲ್ಯಾಪ್‌ಟಾಪ್ ತಾವೇ ಮುಚ್ಚಿದರು.
“ಆಕಿಗೆ ಹೇಳಬ್ಯಾಡ.”
ಒಬ್ಬರ ಸಮಾಧಾನ ಇನ್ನೊಬ್ಬರ ಮೇಲೆ ಹೊರೆಯಾಗಿ ಹೋಗಿ ಬೀಳುತ್ತದೆ ಅಂತ ಲ್ಯಾಬ್‌ನಲ್ಲಿ ಹೊಳೆದಿರಲಿಲ್ಲ.

ಜನವರಿ 25
ಅಕ್ಕನೇ ಮೇಲೆ ನನ್ನ ಕೋಣೆಗೆ ಬಂದರು. ಏದುಸಿರು. ಅವರಿಗೆ ತೋರಿಸಿದ್ದನ್ನು ತನಗೂ ತೋರಿಸು ಅಂದರು. ತೋರಿಸಿದೆ. ಕಿಡ್ನಿ ಒಗ್ಗಲೆಂದು ಕೊಟ್ಟ ಒಂದು ಗುಳಿಗೆಯನ್ನೂ ತಪ್ಪಿಸಿರಲಿಲ್ಲ ಅಂತ ಮತ್ತೆ ಮತ್ತೆ ಹೇಳಿದರು. ನಂಬಿದೆ. ತಪ್ಪಿಸದಿದ್ದರೂ ಒಮ್ಮೊಮ್ಮೆ ಹೀಗಾಗುತ್ತದೆ ಅಂದೆ.
“ಈ ಚುಕ್ಕಿ ನನ್ನವು. ಹೌದಲ್ಲಾ ತಂಗಿ?”
ಸುಳ್ಳು ಹೇಳಬಹುದಿತ್ತು. ಹೌದು ಅಂದೆ.
“ಐದ ವರ್ಷ ಕೂಡಿ ಇದ್ದರೂ ಅವರನ್ನ ಗುರುತ ಹಿಡೀಲಿಲ್ಲ ನೋಡು.”
ಚಹಾ ಮಾಡಲೇ ಅಂದುಬಿಟ್ಟೆ. ಡಯಾಲಿಸಿಸ್‌ನಲ್ಲಿರುವ ಅವರಿಗೆ ಕುಡಿಯುವ ನೀರಿಗೂ ಅಳತೆಯಿದೆ. ಛೆ.

ಜನವರಿ 28, ಬೆಳಿಗ್ಗೆ
ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಇವತ್ತು ಡಯಾಲಿಸಿಸ್ ದಿನ. ನಾನು ಮನೆಯಿಂದ ಹೊರಟಾಗ ಅಣ್ಣ ಸ್ಕೂಟರ್ ಹೊರಗೆ ತೆಗೆದಿದ್ದರು. ಅಕ್ಕನ ಎದುರೇ ಕೇಳಿದರು—
“ಇನ್ನೊಂದ ಐತಲ್ಲ ನನ್ನ ಕಡೆ. ಆ ಚುಕ್ಕಿ ಅದನ್ನರ ಗುರುತ ಹಿಡೀತಾವೇನು?”
ಅಂದರೆ ಇಬ್ಬರೂ ಮಾತಾಡಿಕೊಂಡಿದ್ದಾರೆ. ಆಗದು, ಉಳಿದಿರುವುದು ಅದೊಂದೇ ಅಂದೆ. ಅವರಿಗೂ ಗೊತ್ತು.
ಅಕ್ಕ ಸೆರಗು ಸಿಕ್ಕಿಸಿಕೊಂಡರು. ಹಿಂದೆ ಕೂತರು. ಮೊದಲು ಸೀಟಿನ ಕಂಬಿ ಹಿಡಿದರು. ಆಮೇಲೆ ಕೈ ಅಣ್ಣನ ಎಡ ಪಕ್ಕೆಗೆ ಬಂತು, ಕಿಡ್ನಿ ತೆಗೆದ ಹೊಲಿಗೆಯ ಗುರುತು ಇರುವಲ್ಲಿ. ಅಲ್ಲೇ—
ನನ್ನ ಬಸ್ ಬಂತು.