ಸೈಕಲ್ಲಿನೊಡನೆ ಹೋದ ಮಂತ್ರಾಕ್ಷತೆ

ಸ್ವಭಾನು ಸಂವತ್ಸರ, ಕಾರ್ತಿಕ ಮಾಸ, ಗುರುವಾರ. ೧೩-೧೧-೨೦೦೩. ಚಾಮರಾಜಪೇಟೆ.

ಜಪಕ್ಕೆ ಕುಳಿತರೂ ಮನಸ್ಸು ಎಂದೂ ಕಾಣದ ಬಂದರೊಂದರಲ್ಲಿ ಅಲೆಯುತ್ತಿತ್ತು. ತಂಗಿಯ ಮಗ ಸಂಕರ್ಷಣ ಬಿಡಿಭಾಗಗಳನ್ನು ಜೋಡಿಸಿ ಕೈಯಾರೆ ಕಟ್ಟಿ ಪರದೇಶದ ಗಿರಾಕಿಯೊಬ್ಬನಿಗೆ ಕಳುಹಿಸಿದ ಮೊದಲ ಸೈಕಲ್ಲು ಅಲ್ಲಿಯ ಸುಂಕದವರ ಉಗ್ರಾಣದಲ್ಲಿ ತಡೆದು ನಿಂತಿದೆ. ಪೆಟ್ಟಿಗೆಯಲ್ಲಿ ಧಾನ್ಯ ಸಿಕ್ಕಿತಂತೆ; ತಿಳಿಸದೆ ಧಾನ್ಯ ಕಳುಹಿಸುವುದು ಅಲ್ಲಿ ನಿಷಿದ್ಧವಂತೆ. ಶುಭವಾಗಲೆಂದು ಮಂತ್ರಾಕ್ಷತೆಯ ಪೊಟ್ಟಣವನ್ನು ಸೀಟಿನ ಅಡಿಯಲ್ಲಿ ಇರಿಸಿದವನು ನಾನೇ.

ಸಂಜೆ ಅವನೆದುರು ಒಪ್ಪಿಕೊಂಡೆ.

“ಗೊತ್ತು ಮಾವ. ಅರಿಶಿನ ಹಚ್ಚಿದ ಅಕ್ಕೀನ ಇನ್ಯಾರು ಇಡ್ತಾರೆ?” ಎಂದು ನಕ್ಕ. “ಹಡಗಿನ ಬಾಡಿಗೆ, ಸುಂಕ, ಈಗ ತಪಾಸಣೆ ಫೀಸು. ಲಾಭ ಅಷ್ಟೂ ಹೋಯ್ತು. ವಾಪಸ್ ತರಿಸಿದ್ರೆ ಇನ್ನೂ ಜಾಸ್ತಿ, ಅದಕ್ಕೇ ಆ ಫೀಸು ಕಟ್ಟಿಬಿಡ್ತೀನಿ.”

“ನನ್ನ ಪೆನ್ಷನ್ ಇದೆಯಲ್ಲೋ.”

“ಬೇಡಿ ಮಾವ. ಮುಂದಿನ ಸಲ ಬಾಯಲ್ಲೇ ಆಶೀರ್ವಾದ ಮಾಡಿ. ಅದಕ್ಕೆ ಡ್ಯೂಟಿ ಇಲ್ಲ.”

ನಕ್ಕನಾದರೂ ಅವನ ಮೂರು ತಿಂಗಳ ಶ್ರಮ ನನ್ನ ಭಕ್ತಿಗೆ ತೆತ್ತ ದಂಡವಾಯಿತು. ಕಣ್ಣು ಮುಚ್ಚಿದರೆ ಅಪರಿಚಿತ ನಗರದ ಒದ್ದೆ ಬೀದಿಯಲ್ಲಿ ಆ ಸೈಕಲ್ಲು ಸದ್ದಿಲ್ಲದೆ ತೇಲಿದಂತೆ ಸಾಗುತ್ತದೆ. ತುಳಿಯುವಾತನ ಮುಖ ಮಾತ್ರ ತೋರದು. ಈ ವಿಳಂಬಕ್ಕೆ ಆತ ಮುನಿಯದಿರಲಿ. ಇನ್ನೊಂದನ್ನೂ ನಮ್ಮ ಹುಡುಗನಿಂದಲೇ ಕಟ್ಟಿಸಿಕೊಳ್ಳುವ ಮನಸ್ಸನ್ನು ಭಗವಂತನು ಆತನಿಗೆ ಕೊಡಲಿ.