ಬೆಡ್‌ಶೀಟಿನ ಇನ್ನೊಂದು ತುದಿ

ಹದಿನೇಳನೇ ತಾರೀಖು, ಭಾನುವಾರ

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರವಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ. ಬಂದ ದಿನವೇ ಬರೆದಿದ್ದರೆ ಬೈಗುಳ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಲಾಂಡ್ರಿ ಚೆನ್ನಾಗಿ ನಡೆಯುತ್ತಿದೆ, ನನ್ನ ಮಂಡಿನೋವು ಅದಕ್ಕಿಂತ ಚೆನ್ನಾಗಿ ನಡೆಯುತ್ತಿದೆ.

‘ಅಣ್ಣನನ್ನು ಅಂಥವರನ್ನು ನೋಡಿಕೊಳ್ಳುವ ಕಡೆ ಬಿಟ್ಟುಬಿಡು, ಡಾಕ್ಟರೂ ಅದನ್ನೇ ಹೇಳಿದ್ದಾರಲ್ಲ’ ಎಂದು ಬರೆದಿದ್ದೀಯ. ಬಿಡುವುದಿಲ್ಲ.

ಆ ಡಾಕ್ಟರು ಅಣ್ಣನ ಮುಖವನ್ನೂ ಸರಿಯಾಗಿ ನೋಡಲಿಲ್ಲ ಕಣೇ. ‘ಊಟ ಬಿಟ್ಟಿದ್ದಾನೆ, ಕೈ ಕಚ್ಕೋತಾನೆ, ಹಾಸಿಗೆ ಬಿಟ್ಟು ಏಳಲ್ಲ’ ಅಂದೆ. ‘ಬುದ್ಧಿ ಬೆಳೀದೇ ಇರೋರು ಹಾಗೇ ಅಮ್ಮ. ಇವನಿಗೇನು ಗೊತ್ತಾಗುತ್ತೆ? ಇಂಥವರನ್ನ ನೋಡ್ಕೊಳ್ಳೋ ಕಡೆ ಬಿಟ್ಬಿಡಿ’ ಎಂದು ಮಂಪರಿನ ಮಾತ್ರೆ ಬರೆದ. ‘ಬುದ್ಧಿ ಬೆಳೀದೇ ನಲವತ್ಮೂರು ವರ್ಷ ಆಯ್ತು. ಊಟ ಬಿಟ್ಟಿರೋದು ಮೂರು ತಿಂಗಳಿಂದ!’ ಅಂದು, ಚೀಟಿಯನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದೆ.

ಆಮೇಲೆ ಒಬ್ಬ ಡಾಕ್ಟರಮ್ಮ ಸಿಕ್ಕರು. ಮನೆಗೆ ಬಂದವರೇ ಅಣ್ಣನ ಪಕ್ಕ ನೆಲದ ಮೇಲೆ ಕೂತರು. ರಕ್ತ, ಹಲ್ಲು, ಹೊಟ್ಟೆ ಎಲ್ಲ ಪರೀಕ್ಷೆ ಮಾಡಿಸಿ, ‘ಇದು ಖಿನ್ನತೆ. ಬಾಯಿಬಿಟ್ಟು ಹೇಳೋಕೆ ಬರಲ್ಲ, ಅಷ್ಟೆ. ಮೊದಲು ಇಷ್ಟಪಟ್ಟು ಏನು ಮಾಡ್ತಿದ್ರು?’ ಎಂದು ಕೇಳಿದರು.

ಬೆಡ್‌ಶೀಟು! ಲಾಡ್ಜಿನಿಂದ ಬಂದದ್ದನ್ನೆಲ್ಲ ಒಗೆದ ಮೇಲೆ ಮಡಚುವುದು ಅಮ್ಮ ಮತ್ತು ಅಣ್ಣನದೇ ಕೆಲಸವಾಗಿತ್ತಲ್ಲ. ಎರಡು ಮೂಲೆ ಅವನು, ಎರಡು ಮೂಲೆ ಅವಳು. ಹತ್ತಿರ ಬಂದಾಗ ಅಮ್ಮ ಮೂಗಿಗೆ ಮೂಗು ತಾಗಿಸುತ್ತಿದ್ದಳು, ಅವನು ಕೇಕೆ ಹಾಕುತ್ತಿದ್ದ. ಅಮ್ಮ ಹೋದ ಮೇಲೆ ನಾನು ಆ ಕೆಲಸಕ್ಕೆ ಇಬ್ಬರು ಹೆಂಗಸರನ್ನು ಇಟ್ಟೆ. ಅವನು ಎರಡು ಮೂಲೆ ಹಿಡಿದು ಸುಮ್ಮನೆ ನಿಂತಿರುತ್ತಿದ್ದ. ಹಠ ಎಂದುಕೊಂಡು ನಾನು ಕಿತ್ತುಕೊಳ್ಳುತ್ತಿದ್ದೆ.

ಈಗ ಖಿನ್ನತೆಗೆಂದೇ ಮಾತ್ರೆ ಶುರುವಾಗಿದೆ. ಎಷ್ಟು ತಿಂದ, ಎಷ್ಟು ಮಲಗಿದ ಎಂದು ದಿನಾ ಬರೆದಿಡುತ್ತೇನೆ. ಆ ಹೆಂಗಸರನ್ನು ಇಸ್ತ್ರಿ ಕೆಲಸಕ್ಕೆ ಹಾಕಿ, ಬೆಡ್‌ಶೀಟಿನ ಇನ್ನೊಂದು ತುದಿಯನ್ನು ನಾನೇ ಹಿಡಿಯುತ್ತೇನೆ. ಐದು ವಾರವಾದ ಮೇಲೆ, ಮೊನ್ನೆ, ಒಂದನ್ನು ಪೂರ್ತಿ ಮಡಚಿದ. ಎರಡು ತುತ್ತು ಜಾಸ್ತಿ ತಿಂದ. ನಗು ಇನ್ನೂ ಬಂದಿಲ್ಲ. ಬರದೆ ಎಲ್ಲಿಗೆ ಹೋಗುತ್ತದೆ, ನಾನೂ ನೋಡುತ್ತೇನೆ.

ಎರಡು ಮೂಲೆ ಹಿಡಿಯುವುದಾದರೆ ಬಾ. ಬುದ್ಧಿ ಹೇಳುವುದಾದರೆ ಅಲ್ಲೇ ಇರು. ಮಕ್ಕಳಿಗೆ ಮುತ್ತು, ನಿನಗೆ ಬೈಗುಳದ ಜೊತೆಗೇ ಆಶೀರ್ವಾದ. ನೂರು ಕಾಲ ಚೆನ್ನಾಗಿರು.

ನಿನ್ನ ಜಗಳಗಂಟಿ
ಅಕ್ಕ

ತಾ.ಕ.: ಅಮ್ಮ ತೀರಿಕೊಂಡ ದಿನ ಅಣ್ಣನನ್ನು ಪಕ್ಕದ ಮನೆಯಲ್ಲಿ ಕೂರಿಸಿದ್ದೆವಲ್ಲ, ಅವಳ ಮುಖವನ್ನೂ ತೋರಿಸದೆ. ‘ಇವನಿಗೇನು ಗೊತ್ತಾಗುತ್ತೆ’ ಎಂದು ಮೊದಲು ಅಂದದ್ದು ಆ ಡಾಕ್ಟರಲ್ಲ ಕಣೇ, ನಾನು. ನಿನ್ನೆ ಅಮ್ಮನನ್ನು ಮಣ್ಣು ಮಾಡಿದ ಜಾಗಕ್ಕೆ ಅವನನ್ನು ಕರೆದುಕೊಂಡು ಹೋದೆ. ಕೈ ಹಿಡಿದು, ‘ಅಣ್ಣಾ, ಅಮ್ಮ ಸತ್ತುಹೋದ್ಲು. ಇನ್ನು ಬರಲ್ಲ’ ಅಂದೆ. ಬಹಳ ಹೊತ್ತು ಅತ್ತ. ಆಮೇಲೆ ತನ್ನ ಅಂಗಿಯ ತುದಿಯಿಂದ ನನ್ನ ಕಣ್ಣು ಒರೆಸಿದ.