ತಂತಿ ಕಿತ್ತ ಮೇಲೂ ಓಡಿದ ಕ್ಯಾಸೆಟ್

ಗುರುವಾರ, ಬೆಳಗ್ಗೆ ಹತ್ತು ಗಂಟೆ

ನನ್ನ ಮುದ್ದಿನ ಮೊಂಡಿಗೆ,

ನಿನ್ನ ಅಣ್ಣ ಟಕಟಕನ ಆಶೀರ್ವಾದ, ಅಕ್ಕರೆ ಮತ್ತು ಅಪ್ಪಣೆ! ಅಪ್ಪಣೆಯನ್ನು ಮೊದಲು ಕೇಳು. ಭಾನುವಾರ ಹಳೇ ಮನೆಗೆ ಹೋಗಬೇಡ. ಹೋದರೂ ಮಹಡಿ ಹತ್ತಬೇಡ. ಚಿಕ್ಕಪ್ಪ ಎಷ್ಟೇ ನಯವಾಗಿ "ಬಾಮ್ಮ, ಮೇಲೆ ಗಾಳಿ ಚೆನ್ನಾಗಿದೆ, ಕೂತು ಮಾತಾಡೋಣ" ಅಂದರೂ ಆ ಮೆಟ್ಟಿಲ ಮೇಲೆ ಕಾಲಿಡಬೇಡ!

"ಅಣ್ಣನ ನಾಟಕ ಶುರುವಾಯ್ತು" ಎಂದು ನಗುತ್ತಿದ್ದೀಯಾ? ನಗು. ಅಮ್ಮ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿನ ನಾಟಕಗಳನ್ನೆಲ್ಲ ತೋರಿಸಿದಳಲ್ಲ, ಈ ಗಂಟಲು ಅಲ್ಲಿಂದ ಬಂದದ್ದು. ಆದರೆ ಇಂದು ಬಣ್ಣ ಹಚ್ಚಿಲ್ಲ. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಮಾಡಿದೆ. ನಿನ್ನ "ಹಲೋ" ಕೇಳಿ ಮೂರು ಸಲವೂ ಇಟ್ಟುಬಿಟ್ಟೆ. ಆ ಹಲೋ ಥೇಟ್ ಅಮ್ಮನದು.

ನನ್ನ ಮೊದಲ ಕಂಪ್ಯೂಟರ್ ನೆನಪಿದೆಯಾ? ಅಪ್ಪ ಹೋದ ಮೇಲೆ ಅಮ್ಮ ಕೊಡಿಸಿದ್ದು. ನನಗೆ ಹನ್ನೆರಡು, ನಿನಗೆ ಐದು. ಟೀವಿಗೆ ಸಿಕ್ಕಿಸುವ, ರಬ್ಬರ್ ಕೀಲಿಗಳ, ಬಿಸ್ಕತ್ತಿನ ಡಬ್ಬಿಯಷ್ಟು ಪೆಟ್ಟಿಗೆ. ಕರೆಂಟ್ ಹೋಯಿತೋ, ಬರೆದದ್ದೆಲ್ಲ ಮಾಯ! ಅದಕ್ಕೇ ಟೇಪ್ ರೆಕಾರ್ಡರಿಗೆ ತಂತಿ ಸಿಕ್ಕಿಸಿ ಪ್ರೋಗ್ರಾಮನ್ನು ಕ್ಯಾಸೆಟ್ಟಿಗೆ ಇಳಿಸುತ್ತಿದ್ದೆ. ಹಾಕಿ ಕೇಳಿದರೆ ಬರೀ ಕೀರಲು. ನೀನು ಕಿವಿ ಮುಚ್ಚಿಕೊಂಡು "ಅಮ್ಮಾ, ಅಣ್ಣನ ಡಬ್ಬಿ ಅಳ್ತಿದೆ" ಎಂದು ಓಡುತ್ತಿದ್ದೆ.

ಆಮೇಲಿನ ಯಂತ್ರಗಳೆಲ್ಲ ಚಿಕ್ಕಪ್ಪ ಕೊಡಿಸಿದ್ದು. ಅಮ್ಮ ಹೋದ ಹದಿನೈದನೇ ದಿನಕ್ಕೆ ಡಿಸ್ಕ್ ಡ್ರೈವ್ ಇರುವ ಕಂಪ್ಯೂಟರ್ ಬಂತು. ಕ್ಯಾಸೆಟ್ಟಿನ ಗೋಜೇ ಬೇಡ! ನಾಲ್ಕೈದು ವರ್ಷಕ್ಕೊಮ್ಮೆ ಇನ್ನೊಂದು. ನಾನು ಬ್ಯಾಂಕಿನ ಗುಮಾಸ್ತನಾಗಿ ಸಂಬಳ ಎಣಿಸತೊಡಗಿದ ಮೇಲೂ ತಪ್ಪಲಿಲ್ಲ. ಹೊಸದನ್ನು ಮೇಜಿನ ಮೇಲಿಟ್ಟು, ಹಳೆಯದನ್ನು ಕ್ಯಾಸೆಟ್ಟು, ಡಿಸ್ಕುಗಳ ಸಮೇತ ಗೋಣಿಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದರು. "ಕಸ ಯಾಕೋ ಮನೇಲಿ? ಇನ್ನೇನೂ ಉಳಿದಿಲ್ಲ ತಾನೇ?" ಪ್ರತಿ ಸಲವೂ ಅದೇ ಪ್ರಶ್ನೆ. ಎಂಥ ಅಚ್ಚುಕಟ್ಟಿನ ಮನುಷ್ಯ ಅಂದುಕೊಂಡಿದ್ದೆ.

ಒಂದು ಉಳಿದಿತ್ತು, ಮೊಂಡೀ.

ಇಪ್ಪತ್ತೆರಡು ದಿನ ಕೂತು ಅಮ್ಮನಿಗಾಗಿ ಒಂದು ಪ್ರೋಗ್ರಾಮ್ ಬರೆದಿದ್ದೆ. ಟೀವಿ ತುಂಬ ಕೆಂಪು ಪರದೆ. ಅದು ನಡುವೆ ಸೀಳಿ ಎರಡೂ ಬದಿಗೆ ಸರಿದರೆ ಒಳಗೆ ಅಮ್ಮನ ಹೆಸರು ಮಿನುಗಬೇಕು. ಖಾಲಿ ಕ್ಯಾಸೆಟ್ ಇರಲಿಲ್ಲ. ಅಮ್ಮನ ರಂಗಗೀತೆಗಳ ಮೇಲೆಯೇ ಇಳಿಸಿದೆ, ಕೆಲವು ದಿನದ ಮೇಲೆ ಮತ್ತೆ ಅದರದೇ ಡಬ್ಬಿಯಲ್ಲಿಟ್ಟೆ. ಹೋದ ತಿಂಗಳು ನೀನು ಅಮ್ಮನ ಟ್ರಂಕು ಕಳಿಸಿದೆಯಲ್ಲ, ಅದರ ತಳದಲ್ಲಿತ್ತು. ಮೊನ್ನೆ ಅದನ್ನು ಹೊಸ ಕಂಪ್ಯೂಟರಿಗೆ ಇಳಿಸಿಕೊಂಡು, ಆ ಹಳೇ ಡಬ್ಬಿಯಂತೆ ನಟಿಸುವ ಪ್ರೋಗ್ರಾಮಿನಲ್ಲಿ ಓಡಿಸಿದೆ. ಮೂವತ್ತೆಂಟು ವರ್ಷದ ಮೇಲೆ ಪರದೆ ಸರಿಯಿತು! ಅಮ್ಮನ ಹೆಸರು ಮಿನುಗಿತು! ನಾನು ಅಳುತ್ತಾ ಕೂತಿದ್ದೆ. ಕ್ಯಾಸೆಟ್ ಓಡುತ್ತಲೇ ಇತ್ತು.

ಆ ರೆಕಾರ್ಡರಿನದೊಂದು ಗುಣ. ತಂತಿ ಇದ್ದರೆ ತಂತಿಯಲ್ಲಿ ಬಂದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ತಂತಿ ಕಿತ್ತರೆ ಒಳಗಿನ ಮೈಕು ಎಚ್ಚೆತ್ತು ಕೋಣೆಯ ಸದ್ದನ್ನೆಲ್ಲ ನುಂಗುತ್ತದೆ. ಆವತ್ತು ಪ್ರೋಗ್ರಾಮ್ ಇಳಿದ ಖುಷಿಯಲ್ಲಿ ತಂತಿ ಕಿತ್ತು, ಸ್ಟಾಪ್ ಒತ್ತುವುದನ್ನು ಮರೆತು, ಬಯಲಿಗೆ ಆಟಕ್ಕೆ ಓಡಿದ್ದೆ. ಯಾವತ್ತು ಗೊತ್ತೇ? ಅಮ್ಮ ಮೆಟ್ಟಿಲಿಂದ ಜಾರಿಬಿದ್ದಳು ಎಂದು ಎಲ್ಲರೂ ಹೇಳಿದರಲ್ಲ, ಆ ಭಾನುವಾರ.

ಮಹಡಿಯ ನನ್ನ ಕೋಣೆಯ ಹೊರಗೆ ಚಿಕ್ಕಪ್ಪನ ದನಿ: "ಒಂದು ಸಹಿ ಅತ್ತಿಗೆ, ಅಷ್ಟೇ." ಅಮ್ಮ: "ನಾನಿರೋವರೆಗೂ ಈ ಮನೆ ಮಾರಲ್ಲ. ನನ್ನ ಮಕ್ಕಳು ಎಲ್ಲಿಗೆ ಹೋಗ್ಬೇಕು?" ಚಿಕ್ಕಪ್ಪ ನಗುತ್ತಾರೆ: "ಹಾಗಾದ್ರೆ ನೀವು ಇರಬಾರದು ಅಂತಾಯ್ತು." ಕೇಳು, ಅಮ್ಮನೂ ನಗುತ್ತಾಳೆ! "ಸಾಕು ಬಿಡಿ, ಇದು ಯಾವ ನಾಟಕದ ಮಾತು?" ಎನ್ನುತ್ತಾಳೆ. ಆಮೇಲೆ "ಕೈ ಬಿಡಿ." ಆಮೇಲೆ, ಜೋರಾಗಿ, "ಟಕಟಕಾ!" ಬಯಲಿನಲ್ಲಿದ್ದವನಿಗೆ ಹೇಗೆ ಕೇಳಿಸೀತು? ಆಮೇಲೆ ಮೆಟ್ಟಿಲುಗಳು. ಆಮೇಲೆ ಕ್ಯಾಸೆಟ್ಟಿನ ಬರೀ ಉಸಿರು.

ಅಮ್ಮನ ಪಾಲು ನಮ್ಮಿಬ್ಬರ ಹೆಸರಿಗೆ ಬಂದು, ಚಿಕ್ಕ ಮಕ್ಕಳ ಸಹಿ ನಡೆಯದೆ, ಆಗ ಮಾರಾಟ ನಿಂತಿತು. ಅಷ್ಟು ವರ್ಷ ಆ ಮನೆಯಲ್ಲಿ ಅವರು ಹಾಯಾಗಿದ್ದರು. ಈಗ ಕೊಳ್ಳುವವರು ಬಂದಿದ್ದಾರೆ. ನೀನು ಫೋನಿನಲ್ಲಿ ಏನು ಹೇಳಿದೆ, ನೆನಪಿಸಿಕೋ. "ನಾನಿರೋವರೆಗೂ ಅಮ್ಮನ ಮನೆ ಮಾರಲ್ಲ ಅಂತ ಮುಖದ ಮೇಲೇ ಹೇಳಿದೀನಿ ಅಣ್ಣಾ. ನಕ್ಕುಬಿಟ್ರು. ಭಾನುವಾರ ಒಬ್ಬಳೇ ಬಾ ಅಂದ್ರು." ಅದೇ ಮಾತು. ಅದೇ ನಗು. ಅದೇ ವಾರ!

ನನ್ನ ಸಹಿ ಹೋದ ತಿಂಗಳೇ ಬಿದ್ದಿದೆ. ಮಾರನೇ ದಿನ ಈ ಹೊಸ ಕಂಪ್ಯೂಟರ್ ಬಂತು. ಬೈಯಿ, ಆಮೇಲೆ ಬೈಯಿ. ಇವತ್ತೇ ಕೊರಿಯರಿಗೆ ಹಾಕುತ್ತೇನೆ, ನಾಳೆ ನಿನ್ನ ಕೈಸೇರುತ್ತದೆ. ಲಕೋಟೆಯಲ್ಲಿ ಪೆನ್‌ಡ್ರೈವ್ ಇದೆ, ನೇರವಾಗಿ ವಕೀಲರ ಕೈಗೆ ಕೊಡು. ನೀನು ಮಾತ್ರ ಕೇಳಬೇಡ.

ನಿನ್ನ ಅಣ್ಣ,
ಟಕಟಕ

ವಿ.ಸೂ.: ಅಂಟಿಸಿದ್ದ ಲಕೋಟೆಯನ್ನು ಮತ್ತೆ ಹರಿದೆ. ಪೆನ್‌ಡ್ರೈವಿನಲ್ಲಿ ಕೊನೆಯ ಒಂದೂವರೆ ನಿಮಿಷ ಇಲ್ಲ, ನಾನೇ ಕತ್ತರಿಸಿದ್ದೆ. ಈಗ ಮೂಲ ಕ್ಯಾಸೆಟ್ಟನ್ನೇ ಇಟ್ಟಿದ್ದೇನೆ. ಇದನ್ನು ನೀನೂ ಕೇಳು. ಆಟಕ್ಕೆ ಓಡಿದೆ ಎಂದದ್ದು ಸುಳ್ಳು. ಅಮ್ಮ ಒಳಗೆ ಬಂದ ಕೂಡಲೇ ಪರದೆ ಸರಿಸಿ ಬೆರಗುಗೊಳಿಸಬೇಕೆಂದು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನಿಂತಿದ್ದೆ. ಮರೆತಿದ್ದೆ ಎಂದು ಬರೆಯಬಹುದಿತ್ತು. ಒಂದು ದಿನವೂ ಮರೆತಿರಲಿಲ್ಲ. ಕ್ಯಾಸೆಟ್ ಓಡುತ್ತಿದ್ದದ್ದೊಂದು ಗೊತ್ತಿರಲಿಲ್ಲ. ಮೆಟ್ಟಿಲ ಸದ್ದು ನಿಂತ ಮೇಲೆ ಬಾಗಿಲು ಕಿರುಗುಡುತ್ತದೆ. "ಇಲ್ಲೇ ಇದ್ಯೇನೋ?" "ಹ್ಞೂಂ." "ಏನು ನೋಡ್ದೆ?" "ಏನೂ ಇಲ್ಲ." "ಜಾಣ. ಏನು ಬೇಕು ಹೇಳು ನಿಂಗೆ." ಹುಡುಗ ಒಂದು ಸಲ ಮೂಗೆಳೆದುಕೊಳ್ಳುತ್ತಾನೆ. ಆಮೇಲೆ, ಮೊಂಡೀ, ಎಷ್ಟು ಸ್ಪಷ್ಟವಾಗಿ ಹೇಳುತ್ತಾನೆ: "ಡಿಸ್ಕ್ ಡ್ರೈವ್."